ನಾಸೆರ್ ಬೆಳೆಯುತ್ತಿದ್ದಾನೆ

ಅತ್ತಾಯಾ, ಕೆರ್ಕೆನ್ನಾ ದ್ವೀಪ
ಜನವರಿ 12

ವಹೀದಾ,

ಸಲಾಮ್. ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಹೇಳಿದ್ದೇನೆ, ಮನಸ್ಸಿನಿಂದಲ್ಲ.

ಅಣ್ಣ ಫೋನ್ ಏಕೆ ಎತ್ತುತ್ತಿಲ್ಲ ಎಂದು ನನ್ನ ಮಗಳು ಸಿರೀನ್‌ಳನ್ನು ಕೇಳಿದೆಯಂತೆ. ಫೋನಿನಲ್ಲಾದರೆ ನಾನು ಕೂಗುತ್ತೇನೆ, ಅಮ್ಮನಿಗೆ ಕೇಳಿಸುತ್ತದೆ. ಅದಕ್ಕೇ ಶಾಲೆ ಬಿಟ್ಟ ಮೇಲೆ ಮೊದಲ ಸಲ ಕೂತು ಬರೆಯುತ್ತಿದ್ದೇನೆ. ಹಡಗಿನಲ್ಲಿ ಟಿಕೆಟ್ ಹರಿಯುವ ಸಾಲಹ್ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ಕಳೆದ ಭಾನುವಾರ ನಿನ್ನ ಪ್ರಯೋಗಾಲಯದ ಗೆಳತಿ ಇಲ್ಹಾಮ್ ಗಂಡನ ಜೊತೆ ದ್ವೀಪ ನೋಡಲು ಬಂದಿದ್ದಳು. ನಿನ್ನ ಮುಖ ನೋಡಿ ಮನೆಗೆ ಕರೆದೆ. ಆಕ್ಟೋಪಸ್ ಹಾಕಿ ಬಾರ್ಲಿ ಕುಸ್‌ಕುಸ್ ಮಾಡಿಸಿದೆ. ಊಟದ ನಡುವೆ ಅವಳು ನನ್ನ ಕಡೆ ತಿರುಗಿ, ಸಂತೋಷದ ಸುದ್ದಿ ಹೇಳುವ ಹಾಗೆ ಹೇಳಿದಳು: "ನಾಸೆರ್ ತುಂಬಾ ಚೆನ್ನಾಗಿ ಬೆಳೀತಿದಾನೆ. ದಿನಾ ಬೆಳಿಗ್ಗೆ ನಾವು ಮೊದ್ಲು ನೋಡೋದೇ ಅವನನ್ನ."

ಅವಳ ಮಗನ ಹೆಸರೂ ನಾಸೆರ್ ಇರಬೇಕು ಎಂದುಕೊಂಡೆ. "ಮಾಶಾ ಅಲ್ಲಾಹ್, ಎಷ್ಟು ವರ್ಷ ಈಗ?" ಎಂದು ಕೇಳಿಯೂಬಿಟ್ಟೆ. ಅವಳ ಗಂಡ ಮೇಜಿನ ಕೆಳಗೆ ಅವಳ ಕಾಲು ತುಳಿದ. ಆಮೇಲೆ ಅವಳು ತೊದಲುತ್ತ ಹೇಳಿದ್ದು ಇಷ್ಟು: ಆಪರೇಷನ್ ಆದಾಗ ನನ್ನ ತಮ್ಮನ ಕರುಳಿನಿಂದ ತೆಗೆದ ಗಡ್ಡೆ ನಿನ್ನ ಹತ್ತಿರ ಇದೆ. ಇದೆ ಎಂದರೆ ಸುಮ್ಮನೆ ಇಲ್ಲ, ನೀನು ಅದಕ್ಕೆ ಊಟ ಹಾಕಿ ಬೆಳೆಸುತ್ತಿದ್ದೀಯ. ನಿಮ್ಮಲ್ಲಿ ಅದನ್ನು 'ನಾಸೆರ್' ಎಂದೇ ಕರೆಯುತ್ತಾರೆ.

ಅವನನ್ನು ಮಣ್ಣಿಗೆ ಕೊಟ್ಟು ವರ್ಷ ದಾಟಿತು. ಆ ದಿನ ನಾವು ಅವನ ಮೈ ತೊಳೆಯುತ್ತಿದ್ದಾಗ ಬಾಗಿಲಾಚೆಯಿಂದ ಅಮ್ಮ ಕೇಳಿದ್ದಳು: "ನನ್ನ ಮಗ ಪೂರ್ತಿ ಇದಾನೇನೋ?" ಇದಾನೆ ಅಂದೆ. ಕತ್ತರಿಸಿದ ಕರುಳು ಪರೀಕ್ಷೆಗೆ ಹೋಗಿ ಅಲ್ಲೇ ಮುಗಿಯಿತು ಎಂದು ಆಸ್ಪತ್ರೆಯವರು ಹೇಳಿದ್ದನ್ನು ನಂಬಿದ್ದೆ. ಹೆಣದ ಮುಂದೆ ನಿಂತಿದ್ದ ನನ್ನ ಬಾಯಿಂದ ಹೆತ್ತ ತಾಯಿಗೆ ಸುಳ್ಳು ಹೇಳಿಸಿದೆಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ? ಕುರಿ ಹಬ್ಬದ ದಿನ ಹೂರಣ ತುಂಬಿ ಉಸ್ಬಾನ್ ಮಾಡಲು ಕರುಳು ತೊಳೆ ಎಂದರೆ ಅತ್ತು ಓಡಿಹೋಗುತ್ತಿದ್ದವಳು ನೀನು. ಈಗ ತಮ್ಮನ ಕರುಳು ಸಾಕುತ್ತಿದ್ದೀಯ.

ಅಮ್ಮ ಆಗ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ಬಿಟ್ಟಿತ್ತು. ಅವಳಿಗೆ ಕೇಳಿಸಿಲ್ಲ. ಕೇಳಿಸುವ ಮೊದಲು ಅವನನ್ನು ಇಲ್ಲಿಗೆ ತಂದುಕೊಡು. ಉಳಿದ ಅವನ ಪಕ್ಕದಲ್ಲಿ ಹೂಳುತ್ತೇನೆ.

ಲಮ್ಜದ್

*

ಸ್ಫಾಕ್ಸ್
ಜನವರಿ 20

ಅಣ್ಣಾ,

ಇಲ್ಹಾಮಳ ನಾಲಿಗೆಗೆ ನಾನೂ ಬೈದಿದ್ದೇನೆ. ಅವಳು ಅತ್ತಳು. ಅಲ್ಲಿಗೆ ನನ್ನ ಕ್ಷಮಾಪಣೆ ಮುಗಿಯಿತು.

ಈಗ ನನ್ನ ಸಿಟ್ಟು ಕೇಳು. ಯಾರಿಂದಲೂ ಏನೂ ಕದ್ದಿಲ್ಲ. ಆಪರೇಷನ್ನಿನ ಹಿಂದಿನ ದಿನ ಸರ್ಜನ್ ನಾಸೆರ್‌ನನ್ನೇ ಕೇಳಿದರು, ನಾನು ಅಲ್ಲೇ ಇದ್ದೆ. "ತಗೊಳ್ಳಿ, ಇಷ್ಟು ದಿನ ಪುಕ್ಕಟೆ ತಿಂದಿದೆ, ಇನ್ಮೇಲಾದ್ರೂ ದುಡೀಲಿ" ಅಂದ. ನಮ್ಮ ನಾಸೆರ್ ಮಾತು ಹೇಗೆ ಎಂದು ನಿನಗೆ ಗೊತ್ತು. ಇದು ಅವನ ಮಾತು ಹೌದೋ ಅಲ್ಲವೋ ನೀನೇ ಹೇಳು. "ಅಣ್ಣಂಗೆ ಹೇಳ್ಬೇಡ, ಅವನು ಶೇಖ್ ಹತ್ರ ಓಡ್ತಾನೆ" ಎಂದೂ ಅಂದ. ಹೇಳಲಿಲ್ಲ.

ನೀನು ಸತ್ತವನ ಬಗ್ಗೆ ಬರೆದೆ. ನಾನು ಬದುಕಿರುವವನ ಬಗ್ಗೆ ಬರೆಯುತ್ತೇನೆ. ನಾಸೆರ್‌ನ ರಕ್ತದ ಫಲಿತಾಂಶ ಬಂದಾಗಿನಿಂದ ನಿನ್ನ ಬೆನ್ನು ಬಿದ್ದಿದ್ದೇನೆ. ಮತ್ತೊಮ್ಮೆ ಹೇಳುತ್ತೇನೆ, ಕಾಗದವನ್ನು ಅರ್ಧಕ್ಕೆ ಇಡಲು ಆಗುವುದಿಲ್ಲವಲ್ಲ. ಜೀವಕೋಶ ಒಂದು ಎರಡಾಗುವಾಗ ನಕಲಿನಲ್ಲಿ ತಪ್ಪುಗಳಾಗುತ್ತವೆ. ಆ ತಪ್ಪು ತಿದ್ದಲು ಒಂದು ಜೀನ್ ಇದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಒಂದು ಸರಿಯಿದ್ದರೂ ನಡೆದುಹೋಗುತ್ತದೆ. ನನ್ನಲ್ಲಿ ಒಂದು ಕೆಟ್ಟಿದೆ. ನಾಸೆರ್‌ನಲ್ಲಿ ಎರಡೂ ಕೆಟ್ಟಿದ್ದವು. ಅಂಥವರ ದೊಡ್ಡ ಕರುಳಿನಲ್ಲಿ ಗಂಟುಗಳು ಏಳುತ್ತವೆ, ಬಿಟ್ಟರೆ ಅವುಗಳಲ್ಲೊಂದು ಕ್ಯಾನ್ಸರ್ ಆಗುತ್ತದೆ. ನಿನಗೂ ಎರಡೂ ಬಂದಿರಬಹುದು. ಒಂದು ಕೊಳವೆ ಬಿಟ್ಟು ನೋಡಿದರೆ ತಿಳಿಯುತ್ತದೆ, ಗಂಟು ಸಿಕ್ಕರೆ ಅಲ್ಲೇ ಕಿತ್ತುಹಾಕುತ್ತಾರೆ. ಮಗು ಹಲ್ಲು ಕೀಳಿಸಿಕೊಳ್ಳುವ ಧೈರ್ಯ ಸಾಕು, ನಿನಗೆ ಅಷ್ಟೂ ಇಲ್ಲ.

ಅಪ್ಪ ಅಮ್ಮ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಎಲ್ಲಿಂದ ಬಂತು? ಕಡಲಿನಲ್ಲಿ ಮೀನು ಹಿಡಿಯಲು ನಾವು ಶರ್ಫಿಯಾ ಬೇಲಿ ನೆಡುವ ಜಾಗ ಮನೆ ಬಿಟ್ಟು ಹೋಗಬಾರದು ಎಂದು ಅಜ್ಜ ಅಪ್ಪನಿಗೆ ಚಿಕ್ಕಪ್ಪನ ಮಗಳನ್ನೇ ತಂದ. ಕಡಲು ಮನೆಯಲ್ಲೇ ಉಳಿಯಿತು, ಇದೂ ಉಳಿಯಿತು. ಈಗ ಸಿರೀನ್‌ಗೂ ಅದೇ ಮನೆಯ ಹುಡುಗನನ್ನು ನೋಡಿದ್ದೀಯಂತೆ.

ಸಿರೀನ್ ಇನ್ನೊಂದು ಮಾತೂ ಹೇಳಿದಳು. ನಿನಗೆ ರಕ್ತ ಹೋಗುತ್ತಿದೆ. ಮೂಲವ್ಯಾಧಿ ಎಂದುಕೊಂಡು ಬೆಳಿಗ್ಗೆ ಆಲಿವ್ ಎಣ್ಣೆ ಕುಡಿಯುತ್ತಿದ್ದೀಯ. ಅವಳಿಗೆ ಬೈಯಬೇಡ. ನಿನ್ನ ಮನೆಯಲ್ಲಿ ಬುದ್ಧಿ ಇರುವುದು ಅವಳೊಬ್ಬಳಿಗೇ.

ವಹೀದಾ

*

ಅತ್ತಾಯಾ
ಫೆಬ್ರವರಿ 2

ವಹೀದಾ,

ನಿನ್ನ ಕಾಗದ ಓದಿ ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನವೂ ಸಿಟ್ಟು ಇಳಿಯಲಿಲ್ಲ, ಬರೆಯುತ್ತಿದ್ದೇನೆ.

ನಿನ್ನ ಓದು ನಿನಗಿರಲಿ. ನನ್ನದೊಂದು ಪ್ರಶ್ನೆ. ರಕ್ತದಲ್ಲೇ ಇದ್ದರೆ ಅಪ್ಪನ ಹಿರಿಮಗ ನಾನಲ್ಲವೇ? ನನಗೇಕೆ ಮೊದಲು ಬರಲಿಲ್ಲ? ನಾಸೆರ್ ದ್ವೀಪ ಬಿಟ್ಟು ನಿಮ್ಮ ಸ್ಫಾಕ್ಸ್‌ಗೆ ಬಂದ. ಕಾರ್ಖಾನೆಯ ಹೊಗೆ ಕುಡಿದ. ನಿಂತಲ್ಲೇ ಬ್ರೆಡ್ಡು ತಿಂದ, ಸಿಗರೇಟಿನ ಮೇಲೆ ಸಿಗರೇಟು ಹಚ್ಚಿದ, ಹೊಟ್ಟೆ ಬೆಳೆಸಿದ. ನಾನು ಇಲ್ಲಿ ಮೀನು ತಿಂದುಕೊಂಡು, ಇಳಿತದ ನೀರಿನಲ್ಲಿ ನಡೆದುಕೊಂಡು ಇದ್ದೇನೆ. ಇಬ್ಬರದೂ ಒಂದೇ ಬೀಜ ಅಂತೀಯ. ಹಾಗಿದ್ದರೆ ಅವನನ್ನು ಕೊಂದದ್ದು ಮಣ್ಣು, ಬೀಜ ಅಲ್ಲ. ಇದು ನಮ್ಮ ಹಿತ್ತಲಿನ ಅಂಜೂರಕ್ಕೂ ಗೊತ್ತು, ನಿಮ್ಮ ಪ್ರೊಫೆಸರಿಗೆ ಗೊತ್ತಿಲ್ಲ.

ಅಜ್ಜನ ಮಾತು ಎತ್ತಬೇಡ. ಆ ಶರ್ಫಿಯಾದ ಮೀನು ಮಾರಿಯೇ ನಿನ್ನನ್ನು ಓದಿಸಿದ್ದು. ಉಂಡ ಮನೆಯ ಜಂತೆ ಎಣಿಸಬೇಡ.

ನಾಸೆರ್ ಒಪ್ಪಿದ್ದ ಅಂತೀಯ. ಒಪ್ಪಿರಬಹುದು, ಅವನು ತಮಾಷೆಗೆ ತನ್ನ ದೋಣಿಯನ್ನೂ ದಾನ ಮಾಡಿಯಾನು. ಆದರೆ ಅವನು ಅವನೊಬ್ಬನಿಗೇ ಸೇರಿದವನಾಗಿದ್ದನೇ? ನಾನು ಅವನನ್ನು ಹೆಗಲ ಮೇಲೆ ಹೊತ್ತು ಇಳಿತದಲ್ಲಿ ನಡೆಯಲು ಕಲಿಸಿದವನು. ಅದೇ ಹೆಗಲಲ್ಲಿ ಗೋರಿಗೂ ಒಯ್ದೆ. ಪೂರ್ತಿ ಒಯ್ದಿರಲಿಲ್ಲ ಎಂದು ಈಗ ತಿಳಿಯುತ್ತಿದೆ. ಅವನಿಗೆ ಅನ್ನ ಸೇರದೆ ಒಣಗಿ ಕಡ್ಡಿಯಾದಾಗ ನಿನ್ನ ಗಾಜಿನ ತಟ್ಟೆಯಲ್ಲಿ ಅವನ ಗಡ್ಡೆ ಕೊಬ್ಬುತ್ತಿತ್ತು, ನೀನು ಅದಕ್ಕೆ ಹೊತ್ತುಹೊತ್ತಿಗೆ ಉಣಿಸುತ್ತಿದ್ದೆ.

ಕೊನೆಯ ಮಾತು. ನಿನಗೆ ನನ್ನ ಕರುಳು ನೋಡಬೇಕಲ್ಲವೇ? ನಾಸೆರ್‌ನನ್ನು ಮಣ್ಣಿಗೆ ಕೊಡು, ಒಂದು ಚೂರೂ ಅಲ್ಲಿ ಉಳಿಯಬಾರದು. ಅವತ್ತು ನಾನು ಹಡಗು ಹತ್ತಿ ಬಂದು ನಿನ್ನ ಕೊಳವೆಗೆ ಮೈ ಒಡ್ಡುತ್ತೇನೆ. ಅಲ್ಲಿಯವರೆಗೆ ರಕ್ತ ಹೋದರೆ ಹೋಗಲಿ.

ಲಮ್ಜದ್

*

ಸ್ಫಾಕ್ಸ್
ಫೆಬ್ರವರಿ 11

ಅಣ್ಣಾ,

ನಿನ್ನ ಪ್ರಾಣವನ್ನೇ ಒತ್ತೆಯಿಟ್ಟು ನನ್ನ ಜೊತೆ ಚೌಕಾಸಿ ಮಾಡುತ್ತಿದ್ದೀಯ. ಮೀನು ಹರಾಜಿನಲ್ಲೂ ಇಷ್ಟು ಕೀಳು ವ್ಯಾಪಾರ ನಾನು ಕಂಡಿಲ್ಲ.

ಇನ್ನೂ ಹೆಚ್ಚು ಸಿಟ್ಟು ಬಂದದ್ದು ನೀನು ಅರ್ಧ ಸರಿ ಎಂಬುದಕ್ಕೆ. ಹೇಳಿಬಿಡುತ್ತೇನೆ, ಕೇಳು. ನೀನು ಮೂರ್ಖ ಎಂದುಕೊಂಡು ಬೇಲಿಯ ಲೆಕ್ಕದಲ್ಲೇ ಹೇಳುತ್ತೇನೆ.

ದೊಡ್ಡ ಕರುಳಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ಗುಳಿಗಳಿವೆ. ಒಂದೊಂದರ ತಳದಲ್ಲೂ ಒಂದಿಷ್ಟು ಕಾಂಡಕೋಶಗಳು, ಅವೇ ತಾಯಂದಿರು. ಒಳಗೋಡೆ ಕೆಲವೇ ದಿನಗಳಲ್ಲಿ ಸವೆದುಹೋಗುತ್ತದೆ, ಇವು ಹೊಸದನ್ನು ಹೆತ್ತು ಮೇಲಕ್ಕೆ ಕಳಿಸುತ್ತಿರುತ್ತವೆ. ಎಷ್ಟು ಹೆರಬೇಕು, ಎಲ್ಲಿ ನಿಲ್ಲಬೇಕು ಎಂದು ಸುತ್ತಲಿನ ಅಂಗಾಂಶ ಅವಕ್ಕೆ ಹೇಳುತ್ತಿರುತ್ತದೆ. ನಮ್ಮ ಶರ್ಫಿಯಾದ ಹಾಗೆಯೇ. ಮೀನನ್ನು ಯಾರೂ ಮುಟ್ಟುವುದಿಲ್ಲ. ಈಚಲ ಗರಿಯ ಬೇಲಿ ಹೋದ ಕಡೆ ಮೀನು ತಾನೇ ಹೋಗುತ್ತದೆ. ಜೀನ್ ಕೆಟ್ಟ ಕಾಂಡಕೋಶ ಎಂದರೆ ಬೇಲಿಯ ಮಾತು ಕೇಳದ ಮೀನು. ಇದು ನನ್ನ ಪಾಲಿನ ಸತ್ಯ.

ನಿನ್ನ ಪಾಲಿನದು ಹೀಗಿದೆ. ಸಾಮಾನ್ಯವಾಗಿ ಗಡ್ಡೆ ಬಂದರೆ ನಾವು ಅಕ್ಕಪಕ್ಕದ್ದನ್ನೆಲ್ಲ ಕತ್ತರಿಸಿ ಎಸೆದು ಕ್ಯಾನ್ಸರ್ ಕೋಶಗಳನ್ನಷ್ಟೇ ಬೆಳೆಸುತ್ತೇವೆ. ಹಬ್ಬಕ್ಕೆ ಅಮ್ಮ ಕರುಳು ಉಜ್ಜಿ ಬಿಳಿ ಮಾಡುತ್ತಿದ್ದಳಲ್ಲ, ಹಾಗೆ. ನಾಸೆರ್‌ನದನ್ನು ನಾನು ಹಾಗೆ ಮಾಡಲು ಬಿಡಲಿಲ್ಲ. ಗಡ್ಡೆ, ಅದಕ್ಕೆ ಅಂಟಿದ್ದ ಅಂಗಾಂಶ, ದೂರದ ಆರೋಗ್ಯವಂತ ಅಂಚು, ಮೂರನ್ನೂ ಬೇರೆ ಬೇರೆ ಬೆಳೆಸಿದೆ. ಕ್ಯಾನ್ಸರ್ ಕೋಶಗಳು ಒಂಟಿಯಾಗಿದ್ದಾಗ ಔಷಧಿ ಹಾಕಿದರೆ ಸಾಯುತ್ತವೆ. ಗಡ್ಡೆಗೆ ಅಂಟಿದ್ದ ಅಂಗಾಂಶದ ಜೊತೆ ಇಟ್ಟರೆ ಸಾಯುವುದಿಲ್ಲ. ಮುದಿಯಾಗಿ ಸುಮ್ಮನೆ ಬಿದ್ದಿರಬೇಕಾದ ಕೋಶಗಳನ್ನೂ ಆ ನೆರೆಹೊರೆ ಎಬ್ಬಿಸಿ ಮತ್ತೆ ತಾಯಿ ಮಾಡುತ್ತದೆ. ಅದೇ ಕೋಶಗಳನ್ನು ಆರೋಗ್ಯವಂತ ಅಂಚಿನ ಜೊತೆ ಇಟ್ಟರೆ ಅಷ್ಟು ಹಾರಾಡುವುದಿಲ್ಲ. ಬೀಜ ಒಂದೇ, ಮಣ್ಣು ಬೇರೆ. ಅವನಿಗೆ ಮದ್ದು ಏಕೆ ನಾಟಲಿಲ್ಲ ಎಂಬುದಕ್ಕೆ ಉತ್ತರ ಅಲ್ಲೆಲ್ಲೋ ಇದೆ. ಹೀಗೆ ಮೂರೂ ನಮ್ಮಲ್ಲಿ ಇರುವುದು ಅವನೊಬ್ಬನದೇ.

ಮಣ್ಣು ಚೆನ್ನಾಗಿದ್ದರೆ ಕೆಟ್ಟ ಬೀಜ ಕಾಯುತ್ತದೆ, ಅಷ್ಟೇ. ನಿನ್ನ ಮೀನೂ ನಿನ್ನ ನಡಿಗೆಯೂ ನಿನಗೆ ವರ್ಷಗಳನ್ನು ಕೊಟ್ಟಿರಬಹುದು, ಮಾಫಿ ಕೊಟ್ಟಿಲ್ಲ. ಈಗ ರಕ್ತ ಹೋಗುತ್ತಿದೆ ಎಂದರೆ ಕಾದದ್ದು ಎದ್ದಿದೆ.

ಎರಡು ತಿಂಗಳು ಕೊಡು. ಕೆಲಸ ಮುಗಿಸಿ ನಾನೇ ಹೂಳಲು ತರುತ್ತೇನೆ. ನೀನು ಮಾತ್ರ ನಾಳೆಯೇ ಬಾ.

ವಹೀದಾ

*

ಅತ್ತಾಯಾ
ಫೆಬ್ರವರಿ 14

ವಹೀದಾ,

ಎರಡು ತಿಂಗಳಿಲ್ಲ, ಎರಡು ದಿನವೂ ಇಲ್ಲ. ರಕ್ತ ಹೋಗುತ್ತಿರುವುದು ನನಗೆ. ಅವಸರ ಇದ್ದರೆ ನಿನಗಿರಲಿ.

ಲಮ್ಜದ್

*

ಸ್ಫಾಕ್ಸ್
ಮಾರ್ಚ್ 4

ಲಮ್ಜದ್,

ಅಣ್ಣಾ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಆಯಿತು. ಬೆಳೆಯುತ್ತಿದ್ದದ್ದು, ಹಿಮದಲ್ಲಿ ಇಟ್ಟದ್ದು, ಅವನ ನೆರೆಹೊರೆ, ಎಲ್ಲವನ್ನೂ ನಾನೇ ಕೊಂದೆ. ಇಲ್ಹಾಮ್ ಮಾಡುತ್ತೇನೆ ಅಂದಳು, ಬಿಡಲಿಲ್ಲ. ಮನೆಯವರು ವಾಪಸ್ ಕೇಳಿದರೆ ಕೊಡಬೇಕು ಎಂಬ ನಿಯಮ ನಮ್ಮಲ್ಲಿದೆ, ಆದ್ದರಿಂದ ಯಾರೂ ತಡೆಯಲು ಆಗಲಿಲ್ಲ. ಪ್ರೊಫೆಸರ್ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: "ಒಬ್ಬ ಅಣ್ಣನ ಕರುಳಿಗೋಸ್ಕರ ಊರಿನೋರ ಕರುಳನ್ನೆಲ್ಲ ಬಿಟ್ಟುಬಿಡ್ತೀಯೇನಮ್ಮ?" ಹೌದು ಅಂದೆ. ಅವರು ಅಂದಿನಿಂದ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ.

ಮದ್ದು ಹಾಕಿದ ಮೇಲೂ ಆ ನೆರೆಹೊರೆಯ ಜೊತೆ ಇದ್ದ ಕೋಶಗಳು ಸಾಯಲು ಹಟ ಮಾಡಿದವು. ನಾಸೆರ್ ಹಾಗೆಯೇ ಹಟಮಾರಿ. ಎಲ್ಲ ಸೇರಿ ಒಂದು ಸಣ್ಣ ಸೀಸೆಯ ತಳಕ್ಕೆ ಬಂತು, ನೀನು ಆಲಿವ್ ಮೇಲೆ ಉದುರಿಸುವ ಉಪ್ಪಿನಷ್ಟು.

ಮಾರ್ಚ್ 20ಕ್ಕೆ ನಿನ್ನ ಪರೀಕ್ಷೆ. ಹಿಂದಿನ ದಿನ ಗಟ್ಟಿ ಆಹಾರ ಇಲ್ಲ, ಕೊಡುವ ಮದ್ದಿನ ನೀರು ಪೂರ್ತಿ ಕುಡಿಯಬೇಕು. ಸೀಸೆ ಕೊಡುವುದು ಪರೀಕ್ಷೆ ಮುಗಿದ ಮೇಲೆ. ಮೊದಲೇ ಕೊಡುವಷ್ಟು ನಂಬಿಕೆ ನಿನ್ನ ಮೇಲೆ ಇಲ್ಲ.

ವಹೀದಾ

*

ಅತ್ತಾಯಾ
ಏಪ್ರಿಲ್ 3

ವಹೀದಾ,

ಆಸ್ಪತ್ರೆಯಲ್ಲಿ ನಾವು ಮಾತಾಡಲಿಲ್ಲ. ಡಾಕ್ಟರು ಮೂವತ್ತಕ್ಕೂ ಹೆಚ್ಚು ಗಂಟು ಎಂದು ಹೇಳಿದಾಗ ನೀನು ಕಿಟಕಿಯ ಕಡೆ ತಿರುಗಿ ನಿಂತೆ. ದೊಡ್ಡದೊಂದು ಇದೆ, ಇನ್ನೊಂದು ವರ್ಷ ಬಿಟ್ಟಿದ್ದರೆ ತಮ್ಮನ ದಾರಿಯೇ, ಈಗಲೇ ತೆಗೆದರೆ ಬಚಾವ್ ಎಂದರು. ಅದನ್ನು ಮುಂದಿನ ಸರತಿಗೆ ಇಟ್ಟಿದ್ದಾರೆ. 'ನಾನು ಹೇಳಿರಲಿಲ್ಲವೇ' ಎಂದು ನೀನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸೀಸೆ ಕೈಗೆ ಕೊಟ್ಟು ಹೊರಟುಹೋದೆ.

ಶುಕ್ರವಾರ ನಮಾಜ್ ಆದ ಮೇಲೆ ಸೀಸೆ ಹಿಡಿದು ಶೇಖ್ ಸಾದಿಕ್ ಹತ್ತಿರ ಹೋದೆ. ನಾಸೆರ್‌ನ ಗೋರಿಯ ಪಕ್ಕ ಗುಳಿ ತೋಡಿ ಇಡಬೇಕು, ಬಂದು ಎರಡು ಮಾತು ಓದಿ ಎಂದೆ. ಏನಿದು, ಕೈಯೋ ಕಾಲೋ ಎಂದು ಕೇಳಿದರು. ಅವನನ್ನು ತಿಂದ ಗಡ್ಡೆ ಎಂದೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಲ್ಲ ಲಮ್ಜದ್," ಅಂದರು, "ಕೊಂದವನನ್ನ ತಂದು ಸತ್ತವನ ಮಗ್ಗುಲಲ್ಲೇ ಮಲಗಿಸ್ತೀಯಾ?"

ಹೂಳಬಾರದು ಎಂದೇನೂ ಅವರು ಹೇಳಲಿಲ್ಲ, ಯೋಚಿಸಿ ಬಾ ಎಂದರು. ಮೂರು ತಿಂಗಳು ನಿನಗೆ ಬೈದೆನಲ್ಲ, ಆ ಗಡ್ಡೆಯನ್ನು ನಾಸೆರ್ ನಾಸೆರ್ ಎಂದು ನಿಮಗಿಂತ ಹೆಚ್ಚು ಕರೆದವನು ನಾನೇ. ದಾರಿಯುದ್ದಕ್ಕೂ ಶೇಖ್ ಮೇಲೆ ಸಿಟ್ಟು, ನಿನ್ನ ಮೇಲೆ ಸಿಟ್ಟು, ಸತ್ತವನ ಮೇಲೂ ಸಿಟ್ಟು. ಸೀಸೆಯನ್ನು ಕಡಲಿಗೆ ಎಸೆಯೋಣ ಎಂದರೆ ನಮ್ಮ ಅನ್ನ ಬರುವುದು ಅಲ್ಲಿಂದ. ಮನೆಗೆ ತಂದೆ.

ಅಮ್ಮ ಅಂಗಳದಲ್ಲಿ ಬಾರ್ಲಿ ಹಸನು ಮಾಡುತ್ತಿದ್ದಳು. ಇನ್ನೂ ಮಾತ್ರೆ ನುಂಗುತ್ತಿದ್ದೀಯೇನೋ, ಏನದು ಸೀಸೆ ಎಂದು ಕೇಳಿದಳು. ವಹೀದಾ ಕೊಟ್ಟದ್ದು ಎಂದು ಬಾಯಿಂದ ಬಂದುಹೋಯಿತು.

"ಹಂಗಾ," ಅಂದಳು. ಮೊರದಿಂದ ಕಣ್ಣು ತೆಗೆಯಲಿಲ್ಲ. "ಅವಳ ಹತ್ರ ನಮ್ಮ ನಾಸೆರ್ ಬೆಳೀತಿದಾನಂತಲ್ಲ, ಹೆಂಗಿದಾನೆ ಈಗ?"

ಅವತ್ತು ಇಲ್ಹಾಮ್ ಹೇಳಿದ್ದು ಅವಳಿಗೆ ಕೇಳಿಸಿತ್ತು. ನಲ್ಲಿ ಬಿಟ್ಟಿದ್ದರೂ ಕೇಳಿಸಿತ್ತು. ಈ ಮೂರು ತಿಂಗಳು ನಾವಿಬ್ಬರೂ ಅವಳಿಗೆ ತಿಳಿಯದಿರಲೆಂದು ಕಾಗದದಲ್ಲಿ ಕಚ್ಚಾಡುತ್ತಿದ್ದಾಗ ಅವಳು ದಿನಾ ಬೆಳಿಗ್ಗೆ, ಈಗ ಆ ಹುಡುಗಿಯರು ಬಂದು ನನ್ನ ಮಗನನ್ನು ನೋಡುತ್ತಿರುತ್ತಾರೆ ಎಂದುಕೊಂಡು ಏಳುತ್ತಿದ್ದಳಂತೆ.

ಅಮ್ಮಾ, ಅದು ನಾಸೆರ್ ಅಲ್ಲ, ಅವನನ್ನು ಕೊಂದದ್ದು ಎಂದೆ. ಶೇಖ್ ಮಾತನ್ನೇ ಅವಳ ಮುಂದೆ ಇಟ್ಟೆ.

"ನಂಗೊತ್ತಿಲ್ವೇನೋ ಅದು," ಅಂದಳು. "ಕೆಟ್ಟದ್ದೇ ಇರ್ಲಿ. ಅವನ ಮೈಯಲ್ಲಿ ಹುಟ್ಟಿದ್ದು ತಾನೆ? ಕೆಟ್ಟ ಮಗನಿಗೂ ತಾಯಿ ಊಟ ಇಡ್ತಾಳೆ. ಅವಳು ಸರಿಯಾಗಿ ನೋಡ್ಕೋತಿದಾಳಾ ಹೇಳು."

ನೋಡಿಕೊಳ್ಳುತ್ತಿದ್ದಾಳೆ ಎಂದೆ. ಎರಡನೆಯ ಸಲ ಅದೇ ತಾಯಿಗೆ, ಅದೇ ಮಗನ ಬಗ್ಗೆ ಸುಳ್ಳು ಹೇಳಿದೆ. ಈ ಸಲ ಯಾರ ಮೇಲೆ ಹಾಕಲಿ? ಬೇರೆ ಯಾರೂ ಸಿಗಲಿಲ್ಲ. ಕೊಟ್ಟಿಗೆಗೆ ಹೋಗಿ, ಶರ್ಫಿಯಾಕ್ಕೆ ಕಟ್ಟಿಟ್ಟಿದ್ದ ಗರಿಯ ಕಟ್ಟುಗಳನ್ನು ಒದ್ದು ಚೆಲ್ಲಾಪಿಲ್ಲಿ ಮಾಡಿದೆ. ಆಮೇಲೆ ನಾನೇ ಕೂತು ಮತ್ತೆ ಕಟ್ಟಿದೆ.

ಸೀಸೆಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಸಿರೀನ್‌ಳ ರಕ್ತವನ್ನೂ ಆ ಹುಡುಗನ ರಕ್ತವನ್ನೂ ಪರೀಕ್ಷೆಗೆ ಕೊಡಿಸುತ್ತೇನೆ, ಹುಡುಗನ ಅಪ್ಪನ ಹತ್ತಿರ ಮಾತಾಡಿದ್ದೇನೆ, ಅವನೂ ಬೈದ. ನನ್ನ ಆ ದೊಡ್ಡ ಗಂಟನ್ನು ತೆಗೆಯುವ ದಿನ ನೀನು ತಗೋ. ಒಳ್ಳೆಯ ಅಂಚು, ಕೆಟ್ಟ ಅಂಚು, ನಿನಗೆ ಬೇಕಾದ ನೆರೆಹೊರೆಯನ್ನೆಲ್ಲ ಡಾಕ್ಟರು ಎಷ್ಟು ಕೊಡುತ್ತಾರೋ ಅಷ್ಟು ತಗೋ. ಏನೂ ಉಜ್ಜಿ ಎಸೆಯಬೇಡ. ಅದಕ್ಕೇ ನಾಸೆರ್ ಎಂದು ಹೆಸರಿಡು. ಅಮ್ಮ ಕೇಳಿದಾಗ ಬೆಳೆಯುತ್ತಿದ್ದಾನೆ ಎಂದು ಹೇಳಲು ಏನಾದರೂ ಇರಲಿ.

ಲಮ್ಜದ್

*

ಸ್ಫಾಕ್ಸ್
ಏಪ್ರಿಲ್ 6

ಅಣ್ಣಾ,

ಸಾಲಹ್ ಸೀಸೆ ತಂದುಕೊಟ್ಟ. ಮಸಾಲೆ ಎಂದುಕೊಂಡಿದ್ದನಂತೆ.

ನಿನ್ನ ಕಾಗದ ಓದಿ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಶೇಖ್ ಕೇಳಿದ ಪ್ರಶ್ನೆಯನ್ನು ಜನವರಿಯಲ್ಲಿ ನೀನೇ ನಿನಗೆ ಕೇಳಿಕೊಂಡಿದ್ದರೆ? ಎದ್ದು ಒಳಗೆ ಹೋಗಿ ಅಮ್ಮನನ್ನು ಒಂದು ಮಾತು ಕೇಳಿದ್ದರೆ? ಕಿವುಡಿ ಎಂದು ನೀನು ತೀರ್ಮಾನಿಸಿದೆ, ನಾನೂ ತಲೆಯಾಡಿಸಿದೆ. ಸೀಸೆಯಲ್ಲಿರುವುದು ಇನ್ನು ಏಳುವುದಿಲ್ಲ. ಅಂಥದ್ದು ಮತ್ತೊಂದು ಸಿಗುವುದೂ ಇಲ್ಲ, ನಿನ್ನದು ಇನ್ನೂ ಅಷ್ಟು ಕೆಟ್ಟಿಲ್ಲ. ಅದಕ್ಕೆ ಅಲ್ಲಾಹನಿಗೆ ದಿನಕ್ಕೆ ಐದು ಸಲ ಶುಕ್ರಿಯಾ ಹೇಳುತ್ತೇನೆ. ಐದು ಸಲವೂ ಹಲ್ಲು ಕಚ್ಚಿಕೊಂಡೇ ಹೇಳುತ್ತೇನೆ.

ನಿನ್ನದನ್ನು ತೆಗೆದುಕೊಳ್ಳುತ್ತೇನೆ. ಗಡ್ಡೆಯಾಗುವ ಮೊದಲು ಕೆಟ್ಟ ಬೀಜವೂ ಅದರ ಮಣ್ಣೂ ಪರಸ್ಪರ ಏನು ಮಾತಾಡುತ್ತವೆ ಎಂದು ನೋಡಬಹುದು ಎಂದು ಪ್ರೊಫೆಸರ್ ಅಂದರು. ಒಂದು ತಿಂಗಳ ನಂತರ ನನ್ನ ಜೊತೆ ಅವರು ಆಡಿದ ಮೊದಲ ಉದ್ದನೆಯ ಮಾತು.

ಆದರೆ ಅಮ್ಮನಿಗೆ ಮೂರನೆಯ ಸುಳ್ಳು ಬೇಡ. ಶನಿವಾರದ ಮೊದಲ ಹಡಗಿಗೆ ಬರುತ್ತಿದ್ದೇನೆ, ಸೀಸೆ ನನ್ನ ಕೈಯಲ್ಲೇ ಇರುತ್ತದೆ. ಇಬ್ಬರೂ ಅವಳ ಎದುರು ಕೂತು ನಾಸೆರ್ ಇಲ್ಲ ಎಂದು ಹೇಳೋಣ. ಕೊಂದದ್ದು ನಾನು, ಕೊಲ್ಲಿಸಿದ್ದು ನೀನು. ಎಲ್ಲಿ ಹೂಳಬೇಕು ಎಂದು ಅವಳೇ ಹೇಳಲಿ. ಅವಳು ಹೊಡೆದರೆ ಮೊದಲ ಏಟು ಹಿರಿಯವನಿಗೆ.

ನಿನ್ನ ಗಂಟಿಗೆ ನಾಸೆರ್ ಎಂದು ಹೆಸರಿಡುವುದಿಲ್ಲ. ಅದರ ಹೆಸರು ಲಮ್ಜದ್. ದಿನಾ ಬೆಳಿಗ್ಗೆ ಹೋಗಿ ಮುಚ್ಚಳ ತೆಗೆದು ಬೈಯಲು ನನಗೊಬ್ಬ ಬೇಕು.

ವಹೀದಾ